ಮದ್ದಿನ ಜ್ವರ, ಕೂಲಿಯ ದಿನ

ರೋಗ ಬಂದರೆ ಮನುಷ್ಯ ಮಲಗುತ್ತಾನೆ, ಮದ್ದು ಕೊಟ್ಟರೆ ಏಳುತ್ತಾನೆ ಎಂಬುದು ಲೋಕರೂಢಿಯ ತಿಳಿವಳಿಕೆ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವ್ಯಾಧಿಯ ಚರಿತ್ರೆಯಲ್ಲಿ ಕಾಲು ಶತಮಾನದಷ್ಟು ಕಾಲ ಈ ಕ್ರಮ ತಲೆಕೆಳಗಾಗಿತ್ತು. ರೋಗಿ ಎದ್ದು ಓಡಾಡುತ್ತಿದ್ದ, ಹೊಲಕ್ಕೆ ಹೋಗುತ್ತಿದ್ದ, ಕಚೇರಿಯಲ್ಲಿ ಕಡತ ನೋಡುತ್ತಿದ್ದ. ಮದ್ದು ಆರಂಭವಾದ ಮೇಲೆ ಹಾಸಿಗೆ ಹಿಡಿಯುತ್ತಿದ್ದ. ವೈದ್ಯಶಾಸ್ತ್ರದ ಇತಿಹಾಸಕಾರರು ಔಷಧವನ್ನು ಯಾರು, ಯಾವಾಗ ಕಂಡುಹಿಡಿದರು ಎಂಬುದನ್ನು ವಿಸ್ತಾರವಾಗಿ ಬರೆಯುತ್ತಾರೆ. ಆ ಔಷಧವನ್ನು ಮೈಯಲ್ಲಿ ಇಟ್ಟುಕೊಂಡು ದುಡಿದವರಾರು, ದುಡಿಯಲಾರದೆ ಹೋದವರಾರು ಎಂಬ ಸಂಗತಿ ಅವರ ಪುಟಗಳಲ್ಲಿ ಅಪರೂಪ. ಈ ಭಾಷಣದ ವಿಷಯ ಅದು.

ನಮ್ಮ ಕಡೆ ಕಾಮಣಿ ಎಂದು ಕರೆಯುವ ರೋಗ ಕಣ್ಣಿಗೆ ಕಾಣುವಂಥದು. ಕಣ್ಣು ಹಳದಿಯಾಗುತ್ತದೆ, ಮನೆಯವರು ಗಾಬರಿಯಾಗಿ ನಾಟಿ ವೈದ್ಯರನ್ನು ಹುಡುಕುತ್ತಾರೆ. ಹೆಪಟೈಟಿಸ್ ಸಿ ಹಾಗಲ್ಲ. ಅದರ ವೈರಾಣು ರಕ್ತದಿಂದ ರಕ್ತಕ್ಕೆ ದಾಟುತ್ತದೆ: ಕುದಿಸದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ. ದಾಟಿದ ಮೇಲೆ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತಿನಲ್ಲಿ ಕುಳಿತಿರಬಲ್ಲದು. ಈಜಿಪ್ಟಿನಲ್ಲಿ ಬಸವನಹುಳುವಿನಿಂದ ಹರಡುವ ಬೇರೊಂದು ವ್ಯಾಧಿಯನ್ನು ಓಡಿಸಲು ಸರಕಾರವೇ ದಶಕಗಳ ಕಾಲ ಹಳ್ಳಿಹಳ್ಳಿಗಳಲ್ಲಿ ಸೂಜಿ ಚುಚ್ಚಿಸಿತು. ಆ ಸೂಜಿಗಳೇ ಇದನ್ನು ಹಂಚಿದವು. ‘ಸೂಜಿ ಮಾಡಿಸಿಕೊಂಡು ಬಂದೆ’ ಎಂದರೆ ಅರ್ಧ ವಾಸಿಯಾದಂತೆ ಭಾವಿಸುವ ನಮ್ಮ ಸೀಮೆಯವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ರೋಗಕ್ಕೆ ಮೊದಲು ಹೆಸರೂ ಇರಲಿಲ್ಲ. ರಕ್ತ ಪಡೆದವರಲ್ಲಿ ಕಾಣಿಸಿಕೊಳ್ಳುತ್ತಿದ್ದ ಯಕೃತ್ತಿನ ಉರಿಯೂತ ಎ ವೈರಾಣುವಿನದೂ ಅಲ್ಲ, ಬಿ ವೈರಾಣುವಿನದೂ ಅಲ್ಲ ಎಂದು ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರು 1975ರಲ್ಲಿ ತೋರಿಸಿದರು. ‘ಎ ಅಲ್ಲದ, ಬಿ ಅಲ್ಲದ’ ಎಂದೇ ಅದು ಕರೆಸಿಕೊಂಡಿತು; ನಿಷೇಧದಿಂದಲೇ ವಸ್ತುವನ್ನು ಸೂಚಿಸುವ ವೇದಾಂತಿಗಳ ಕ್ರಮ ವೈದ್ಯರಿಗೂ ಒದಗಿಬಂದಿತೆನ್ನಬೇಕು. ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಾಣುವನ್ನು ಗುರುತಿಸಿದ್ದು 1989ರಲ್ಲಿ. ಆದರೆ ಚಿಕಿತ್ಸೆಯ ಪ್ರಯೋಗ 1986ರಲ್ಲಿಯೇ ನಡೆದಿತ್ತು. ವೈರಿಯ ಮುಖ ಕಾಣುವ ಮೊದಲೇ ಬಾಣ ಬಿಟ್ಟಿದ್ದರು.

ಆ ಬಾಣದ ಹೆಸರು ಇಂಟರ್‌ಫೆರಾನ್. ಇದನ್ನು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬಿಬ್ಬರು ಲಂಡನ್ನಿನಲ್ಲಿ ಕಂಡುಹಿಡಿದದ್ದು 1957ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾದ ವರ್ಷ. ಇದು ಹೊರಗಿನ ವಿಷವಲ್ಲ. ವೈರಾಣು ಒಳಹೊಕ್ಕಾಗ ದೇಹವೇ ಸ್ರವಿಸುವ ವಸ್ತು. ಶೀತಜ್ವರ ಬಂದಾಗ ಮೈ ಕೈ ನೋಯುವುದು, ಚಳಿ ಹತ್ತುವುದು, ಅನ್ನ ಬೇಡವಾಗುವುದು ಇವುಗಳಲ್ಲಿ ಬಹುಪಾಲು ವೈರಾಣುವಿನ ಕೃತ್ಯವಲ್ಲ, ಅದರ ವಿರುದ್ಧ ದೇಹ ಹೂಡುವ ಈ ಬಗೆಯ ಯುದ್ಧದ ಫಲ. ಆದುದರಿಂದ ಇಂಟರ್‌ಫೆರಾನನ್ನು ಹೊರಗಿನಿಂದ ಚುಚ್ಚಿದರೆ ಜ್ವರವಿಲ್ಲದವನಿಗೂ ಜ್ವರವೇ ಬರುತ್ತದೆ. ಮದ್ದಿನ ಗುಣ ಬೇರೆ, ಅದರ ಕಾಟ ಬೇರೆ ಎಂದು ಇಲ್ಲಿ ಸುಲಭವಾಗಿ ಬಿಡಿಸಿ ಹೇಳುವಂತಿರಲಿಲ್ಲ.

ಫಿನ್ಲೆಂಡಿನ ಕಾರಿ ಕಾಂಟೆಲ್ ರಕ್ತದಾನಿಗಳ ಬಿಳಿಯ ಕಣಗಳಿಂದ ಅದನ್ನು ಹನಿಹನಿಯಾಗಿ ತೆಗೆಯುತ್ತಿದ್ದ ಕಾಲ ಹೋಗಿ, 1980ರ ಹೊತ್ತಿಗೆ ಚಾರ್ಲ್ಸ್ ವೈಸ್‌ಮನ್ನರ ಪ್ರಯೋಗಶಾಲೆ ಬ್ಯಾಕ್ಟೀರಿಯಾಗಳಿಂದಲೇ ಅದನ್ನು ತಯಾರಿಸುವ ದಾರಿ ತೋರಿಸಿತು. 1991ರಲ್ಲಿ ಅಮೆರಿಕ ಇದನ್ನು ಹೆಪಟೈಟಿಸ್ ಸಿ ರೋಗಕ್ಕೆ ಮಾನ್ಯಮಾಡಿತು. ವಾರಕ್ಕೆ ಮೂರು ಸೂಜಿ. ವಾಸಿಯಾಗುತ್ತಿದ್ದವರು ನೂರಕ್ಕೆ ಇಪ್ಪತ್ತು ಮಂದಿಯೂ ಇಲ್ಲ. 1998ರಲ್ಲಿ ರಿಬಾವಿರಿನ್ ಎಂಬ ಗುಳಿಗೆ ಜೊತೆಗೂಡಿತು. 2001ರಲ್ಲಿ ವಾರಕ್ಕೊಂದೇ ಸೂಜಿ ಸಾಕೆನ್ನುವ ಹೊಸ ರೂಪ ಬಂದಿತು. ವಾಸಿಯಾಗುವವರ ಪ್ರಮಾಣ ಅರ್ಧಕ್ಕೆ ಏರಿತು. ವೈರಾಣುವಿನ ಪ್ರಭೇದವನ್ನು ಅನುಸರಿಸಿ 24 ವಾರ ಅಥವಾ 48 ವಾರ ಇದು ನಡೆಯಬೇಕಾಗಿತ್ತು.

ಸೂಜಿ ಚುಚ್ಚಿದ ಕೆಲವು ಗಂಟೆಗಳಲ್ಲಿ ಚಳಿಜ್ವರ. ದಿನ ಕಳೆದಂತೆ ದಣಿವು, ಕೂದಲು ಉದುರುವಿಕೆ, ತೂಕ ಇಳಿಯುವಿಕೆ. ಗುಳಿಗೆಯಾದರೋ ರಕ್ತದ ಕೆಂಪು ಕಣಗಳನ್ನು ಒಡೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಗರ್ಭಕ್ಕೆ ಅದು ಅಪಾಯಕರವಾದುದರಿಂದ ಗಂಡಹೆಂಡಿರಿಬ್ಬರೂ ಚಿಕಿತ್ಸೆಯ ಉದ್ದಕ್ಕೂ, ಅದು ಮುಗಿದ ಮೇಲೂ ತಿಂಗಳುಗಟ್ಟಲೆ ಎಚ್ಚರದಿಂದಿರಬೇಕಾಗಿತ್ತು. ಎಲ್ಲಕ್ಕಿಂತ ಕಠಿನವಾದದ್ದು ಮನಸ್ಸಿನ ಕುಸಿತ. ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಖಿನ್ನತೆ ಆವರಿಸುತ್ತಿತ್ತು. ಜ್ವರವನ್ನು ಮುಟ್ಟಿ ನೋಡಿ ನಂಬುವ ಮನೆಯವರು ಇದನ್ನು ನಂಬುವುದು ಹೇಗೆ? ಮುಂಗೋಪ, ಸೋಮಾರಿತನ ಎಂಬ ಹೆಸರು ಇಂಥ ಕಡೆ ಬೇಗ ಅಂಟುತ್ತದೆ.

ಇದನ್ನೆಲ್ಲ ಹೊತ್ತುಕೊಂಡು ಕೆಲಸ ಮಾಡುವ ಉಪಾಯಗಳನ್ನು ರೋಗಿಗಳೂ ದಾದಿಯರೂ ಕೂಡಿಯೇ ಕಂಡುಕೊಂಡರು. ಪ್ರಸಿದ್ಧವಾದದ್ದು ಶುಕ್ರವಾರದ ಸೂಜಿ. ಶುಕ್ರವಾರ ಸಂಜೆ ಚುಚ್ಚಿಸಿಕೊಂಡು, ಪ್ಯಾರಸಿಟಮಾಲ್ ನುಂಗಿ ಮಲಗಿದರೆ ಚಳಿ ನಿದ್ದೆಯಲ್ಲಿ ಕಳೆಯುತ್ತದೆ. ಶನಿವಾರ, ಭಾನುವಾರ ನರಳಿ ಸೋಮವಾರ ಕಚೇರಿಗೆ ಹೋಗಬಹುದು. ಹೆಚ್ಚು ನೀರು ಕುಡಿಯುವುದು, ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣುವುದು, ಚುಚ್ಚುವ ಜಾಗವನ್ನು ವಾರವಾರವೂ ಬದಲಿಸುವುದು ಇವೂ ಇದ್ದವು. ಆದರೆ ಈ ಜಾಣತನದ ಹಿಂದೆ ವಾರಕ್ಕೆ ಎರಡು ದಿನ ರಜೆ, ತಿಂಗಳ ಸಂಬಳ, ಮನೆಯಲ್ಲೊಂದು ಶೀತಕಪಾಟು ಅಡಗಿವೆ.

ಈಗ ಇದನ್ನು ಲಕ್ಕಲಕಟ್ಟಿಗೆ ತಂದು ಅಳೆದು ನೋಡೋಣ. ಗದಗ ಜಿಲ್ಲೆಯ ಈ ಹಳ್ಳಿ ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. ಅಲ್ಲಿ ಇಂಥವರಿಗೆ ಈ ರೋಗ ಬಂದಿತ್ತೆಂದು ನಾನು ಹೇಳುತ್ತಿಲ್ಲ. ಮಳೆಯನ್ನು ನಂಬಿದ ಸೀಮೆಯ ಒಂದು ಊರನ್ನು ಅಳತೆಗೋಲಾಗಿ ಹಿಡಿಯುತ್ತಿದ್ದೇನೆ, ಅಷ್ಟೆ. ಶೀಗಿ ಹುಣ್ಣಿವೆಗೆ ಮೊದಲ ಸೂಜಿ ಹಾಕಿಸಿಕೊಂಡವನಿಗೆ 24ನೆಯದು ಬರುವುದು ಯುಗಾದಿಯ ಹೊತ್ತಿಗೆ. ಹಿಂಗಾರಿ ಜೋಳ, ಕಡಲೆಗಳ ಇಡೀ ಬಾಳು ಅದರೊಳಗೆ ಮುಗಿದುಹೋಗುತ್ತದೆ. ಇಲ್ಲಿ ಶುಕ್ರವಾರಕ್ಕೆ ಅರ್ಥವಿಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತಿಗೆ ನೊಗವಿಡುವುದಿಲ್ಲವಾದುದರಿಂದ ಒಕ್ಕಲಿಗನೊಬ್ಬ ರವಿವಾರ ಸಂಜೆಯ ಸೂಜಿಯನ್ನು ಆರಿಸಿಕೊಂಡಾನು. ಎತ್ತಿಗೆ ಬಿಡುವುಂಟು, ಕಳೆ ಕೀಳುವ ಹೆಂಗಸಿಗೆ ಆ ಬಿಡುವೂ ಇಲ್ಲ. ಮೊದಲೇ ರಕ್ತ ಕಡಿಮೆಯಿರುವ ಮೈ ಅವಳದು. ಅದರಲ್ಲಿ ಉಳಿದದ್ದನ್ನು ಗುಳಿಗೆ ಒಡೆಯಬೇಕು. ಗಜೇಂದ್ರಗಡದ ಕೈಮಗ್ಗದ ನೇಕಾರನ ಕೂಲಿ ನೇಯ್ದಷ್ಟಕ್ಕೆ ಮಾತ್ರ. ಸೂಜಿಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ರಕ್ತಪರೀಕ್ಷೆಗೆ ಮೇಲಿಂದ ಮೇಲೆ ಗದಗಿಗೋ ಹುಬ್ಬಳ್ಳಿಗೋ ಹೋಗಿಬರಬೇಕು, ಒಟ್ಟು ವೆಚ್ಚ ಲಕ್ಷಗಟ್ಟಲೆ. ಇಂಥವನಿಗೆ ವೈದ್ಯರು ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂದರೆ ಅದು ಸೂಜಿಗಿಂತ ದುಬಾರಿಯಾದ ಔಷಧ.

ಈ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲವೆಂಬುದೇ ಸೋಜಿಗ. ಕ್ಷಯರೋಗಿಯನ್ನು ಆರೋಗ್ಯಧಾಮದಲ್ಲಿ ಇರಿಸದೆ ಮನೆಯಲ್ಲಿಯೇ ಗುಣಪಡಿಸಬಹುದೆಂದು ಮದರಾಸಿನ ಪ್ರಯೋಗ 1959ರಲ್ಲಿ ಜಗತ್ತಿಗೆ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, ರೋಗಿಗಳು ಅಜ್ಞಾನಿಗಳಲ್ಲ, ಅವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರು ಎಂದು 1963ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ರೋಗಿಯ ಬದುಕಿಗೆ ಹೊಂದಬೇಕೆಂಬ ಈ ವಿವೇಕ ಇಂಟರ್‌ಫೆರಾನಿನ ಕಾಲದಲ್ಲಿ ಎಲ್ಲಿ ಹೋಗಿತ್ತೋ!

ಬದಲಾವಣೆ ಬಂದದ್ದು ಗುಳಿಗೆಯಿಂದ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾನ್ಯವಾಯಿತು. ಒಂದು ಗುಳಿಗೆಗೆ ಸಾವಿರ ಡಾಲರು. 2014ರ ಸೆಪ್ಟೆಂಬರಿನಲ್ಲಿ ಅದನ್ನು ತಯಾರಿಸಲು ಅನುಮತಿ ಪಡೆದ ಏಳು ಭಾರತೀಯ ಸಂಸ್ಥೆಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಒಂದು. ಮರುವರ್ಷ ಇಲ್ಲಿ ಮಾರಾಟಕ್ಕೆ ಬಂದ 28 ಗುಳಿಗೆಗಳ ಒಂದು ಬಾಟಲಿಯ ಬೆಲೆ 19,900 ರೂಪಾಯಿ. 2018ರ ಜುಲೈ 28ರಂದು ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಪರೀಕ್ಷೆಯೂ ಮದ್ದೂ ಉಚಿತವಾದವು. ಹೆಚ್ಚಿನವರಿಗೆ 12 ವಾರ, ದಿನಕ್ಕೊಂದು ಸಲ ಗುಳಿಗೆ. ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಜನ ವಾಸಿಯಾಗುತ್ತಾರೆ. ತಲೆನೋವು, ಸ್ವಲ್ಪ ದಣಿವು, ಒಮ್ಮೊಮ್ಮೆ ಓಕರಿಕೆ ಇಷ್ಟೇ ಸಾಮಾನ್ಯವಾದ ಕಾಟ. ಯಕೃತ್ತು ಬಹಳ ಕೆಟ್ಟವರಿಗೆ ಮಾತ್ರ ಹಳೆಯ ರಿಬಾವಿರಿನ್ ಈಗಲೂ ಜೊತೆಗೆ ಬರುತ್ತದೆ, ಏದುಸಿರಿನ ಸಮೇತ.

ಗುಳಿಗೆ ಮುಗಿದ 12 ವಾರಗಳ ಮೇಲೆ ಮತ್ತೊಮ್ಮೆ ರಕ್ತ ಕೊಡಬೇಕು. ವೈರಾಣು ನಿಜವಾಗಿ ಹೋಯಿತೆಂದು ತಿಳಿಯುವುದು ಆಗಲೇ. ಈ ಕೊನೆಯ ಪರೀಕ್ಷೆಗೆ ಬಾರದವರು ಎಲ್ಲ ಕಡೆಯೂ ಬಹಳ ಮಂದಿ ಎಂದು ವೈದ್ಯರು ಹೇಳುತ್ತಾರೆ. ಮೈ ನೆಟ್ಟಗಿದೆ, ನೋವಿಲ್ಲ, ಜ್ವರವಿಲ್ಲ. ಬಸ್ಸಿನ ಖರ್ಚು ಹಾಕಿಕೊಂಡು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದವನು ಆ ಹೊತ್ತಿಗೆ ಕಡಲೆ ಕೀಳುವುದಕ್ಕೆ ಹೋಗಿರುತ್ತಾನೆ.