ಅರು ದ್ವೀಪಗಳ ಗರಿ ವ್ಯಾಪಾರ

ನ್ಯೂಗಿನಿಯ ದಕ್ಷಿಣ ಭಾಗದ ಮಳೆಕಾಡಿನಲ್ಲೂ ಸಮೀಪದ ಅರು ದ್ವೀಪಗಳಲ್ಲೂ ಮರಗಳ ನೆತ್ತಿಯಲ್ಲಿ ಬಾಳುವ ದೊಡ್ಡ ಸ್ವರ್ಗಪಕ್ಷಿ ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದು. ಕೂಗು ಮಾತ್ರ ಅದರ ದೂರದ ನೆಂಟ ಕಾಗೆಯಷ್ಟೇ ಒರಟು. ಅದಕ್ಕೆ ಬೆಲೆ ಬಂದದ್ದು ಬಲಿತ ಗಂಡಿನ ಪಕ್ಕೆಗಳಿಂದ ಜೋಲುವ ಹೊಂಬಣ್ಣದ ಗರಿಗಳಿಂದ.

ಬೇಟೆಯ ಬಗೆಯನ್ನು 1857ರಲ್ಲಿ ಅರುವಿನಲ್ಲಿ ತಂಗಿದ್ದ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ದಾಖಲಿಸಿದ್ದಾನೆ. ಗಂಡುಗಳು ಬೆಳಗಿನ ಹೊತ್ತು ಗೊತ್ತಾದ ಕೆಲವು ಮರಗಳಲ್ಲೇ ಹನ್ನೆರಡು, ಇಪ್ಪತ್ತರ ಗುಂಪಾಗಿ ಸೇರಿ, ಗರಿ ಕೆದರಿ ಕುಣಿಯುತ್ತವೆ. ಬೇಟೆಗಾರ ಬೆಳಕು ಹರಿಯುವ ಮುನ್ನವೇ ಅಂಥ ಮರವೇರಿ, ತಾಳೆಗರಿಯ ಮರೆಯಲ್ಲಿ ಕೂರುತ್ತಿದ್ದ. ಅವನ ಬಾಣದ ತುದಿಗೆ ಮೊನೆಯ ಬದಲು ಗುಂಡನೆಯ ಗುಬಟು. ಗರಿಗೆ ರಕ್ತ ತಾಗಿದರೆ ಮಾಲು ಕೆಟ್ಟಂತೆ. ಬಿದ್ದ ಹಕ್ಕಿಯ ರೆಕ್ಕೆ, ಕಾಲು ಕತ್ತರಿಸಿ, ಚರ್ಮ ಸುಲಿದು, ಕಡ್ಡಿಗೆ ಸುತ್ತಿ ಹೊಗೆಯಲ್ಲಿ ಒಣಗಿಸುತ್ತಿದ್ದರು.

ಯುರೋಪಿಗೆ ಮೊದಲಿನಿಂದಲೂ ಗೊತ್ತಿದ್ದದ್ದು ಹೆಚ್ಚಾಗಿ ಈ ಮೊಂಡು ಚರ್ಮವೇ. ಬಚನ್ ದ್ವೀಪದ ಸುಲ್ತಾನ ಸ್ಪೇನಿನ ದೊರೆಗೆಂದು ಕೊಟ್ಟ ಚರ್ಮಗಳು ನಾವಿಕ ಮೆಗೆಲನ್‌ನ ತಂಡದಲ್ಲಿ ಉಳಿದ ಹಡಗಿನಲ್ಲಿ 1522ರಲ್ಲಿ ಬಂದಿಳಿದವು. ಆ ಹಡಗಿನಲ್ಲಿದ್ದ, ಪಯಣದ ಕಥೆ ಬರೆದಿಟ್ಟ ಪಿಗಫೆಟ್ಟ ಹಕ್ಕಿಗೆ ತೆಳ್ಳನೆಯ ಕಾಲಿದೆಯೆಂದು ಬರೆದರೂ ಪಂಡಿತರು ಕಣ್ಣೆದುರಿನ ಚರ್ಮವನ್ನೇ ನಂಬಿದರು: ಕಾಲಿಲ್ಲದ ಹಕ್ಕಿ ನೆಲಕ್ಕಿಳಿಯದೆ ಸದಾ ಹಾರುತ್ತಿರುತ್ತದೆಂಬ ಕಥೆ ಹಬ್ಬಿತು. 1758ರಲ್ಲಿ ವಿಜ್ಞಾನಿ ಲಿನಿಯಸ್ ಕೊಟ್ಟ, ‘ಕಾಲಿಲ್ಲದ’ ಎಂಬರ್ಥದ ಶಾಸ್ತ್ರೀಯ ಹೆಸರಿನಲ್ಲೂ ಆ ಕಥೆಯ ಗುರುತು ಉಳಿದಿದೆ.

ಯುರೋಪಿಗೆ ಮುಂಚೆಯೇ ಏಷ್ಯಾದಲ್ಲಿ ಈ ಗರಿಗೆ ಗಿರಾಕಿಗಳಿದ್ದರು. ನೇಪಾಳದ ರಾಜಕಿರೀಟದ ಮೇಲೂ ಸ್ವರ್ಗಪಕ್ಷಿಯ ಗರಿಯಿದೆ. ಆದರೆ ವ್ಯಾಪಾರ ಮಿತಿ ಮೀರಿದ್ದು 19ನೇ ಶತಮಾನದ ಕೊನೆಗೆ, ಪ್ಯಾರಿಸ್ ಮತ್ತು ಲಂಡನ್ನಿನ ಹೆಂಗಸರ ಟೋಪಿಗಳಿಗೆ ಗರಿ ಸಿಕ್ಕಿಸುವ ಷೋಕಿ ಹುಟ್ಟಿದ ಮೇಲೆ. ಪ್ರತಿಭಟನೆಯೂ ಅಲ್ಲಿಂದಲೇ ಎದ್ದಿತು. ಅಮೆರಿಕ 1913ರಲ್ಲಿ, ಬ್ರಿಟನ್ 1921ರಲ್ಲಿ ಗರಿಗಳ ಆಮದಿಗೆ ಕಾನೂನಿನ ತಡೆ ಒಡ್ಡಿದವು. ಅಷ್ಟರಲ್ಲಿ ಟೋಪಿಯ ಷೋಕಿಯೂ ಇಳಿಯತೊಡಗಿತ್ತು.

ಇಷ್ಟು ಬೇಟೆಯ ನಡುವೆಯೂ ಹಕ್ಕಿಯ ಸಂತತಿ ಅಳಿಯಲಿಲ್ಲ. ಕಂದು ಬಣ್ಣದ ಹೆಣ್ಣುಗಳು ಯಾರಿಗೂ ಬೇಕಿರಲಿಲ್ಲ. ಗಂಡಿಗೆ ಪೂರ್ಣ ಗರಿ ಮೂಡಲು ಹಲವು ವರ್ಷ ಬೇಕು, ಅಲ್ಲಿಯವರೆಗೆ ಅದೂ ಬೇಟೆಗಾರನ ಲೆಕ್ಕಕ್ಕಿಲ್ಲ. ನ್ಯೂಗಿನಿಯ ಬೆಟ್ಟನಾಡಿನವರು ಸ್ವರ್ಗಪಕ್ಷಿಗಳ ಗರಿಯನ್ನು ಹಬ್ಬದ ತಲೆಯುಡುಗೆಗೆ ಇಂದಿಗೂ ಬಳಸುತ್ತಾರೆ. ಒಮ್ಮೆ ಸಿಕ್ಕ ಗರಿಯನ್ನು ಜೋಪಾನವಾಗಿ ಕಟ್ಟಿಟ್ಟು ವರ್ಷಗಟ್ಟಲೆ ತೊಡುತ್ತಾರೆ.