ಮುದ್ರೆ ಮತ್ತು ಮಾತು: ಬೀದರ ಸೀಮೆಯಲ್ಲಿ ಬದಲಾವಣೆಯ ಕಾಲದ ಆಡಳಿತ ಸಂವಹನ

ದೊಡ್ಡ ಬದಲಾವಣೆಯ ಹೊತ್ತಿನಲ್ಲಿ ಅಧಿಕಾರ ವಹಿಸಿಕೊಂಡ ಹೊಸ ಮುಖ್ಯಸ್ಥರ ಕೈಗೆ ಸಲಹೆಗಾರರು ಮೊದಲು ಕೊಡುವುದು ಭಾಷಣದ ಕರಡು. ಮಾತು ಸ್ಪಷ್ಟವಾಗಿದ್ದರೆ ಜನ ಬದಲಾವಣೆಯನ್ನು ಒಪ್ಪುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಬೀದರಿನ ಇತಿಹಾಸ ಈ ನಂಬಿಕೆಗೆ ಪುಷ್ಟಿ ಕೊಡುವುದಿಲ್ಲ. ಮುಖ್ಯಸ್ಥರ ಹೆಸರಿನಲ್ಲಿ ಬಂದ ಮಾತು ಅವರದೇ ಹೌದೇ ಎಂದು ಅವರನ್ನೇ ಕೇಳಿ ತಿಳಿಯುವ ದಾರಿ ತೆರೆದಿತ್ತೇ ಎಂಬುದು ಸ್ಪಷ್ಟತೆಗಿಂತ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನ್ 1466ರಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಹಾನ ಪ್ರಧಾನಿಯಾದ. ಬರಹದಲ್ಲಿ ಅವನಿಗೆ ಸರಿಸಾಟಿಯಾದವರು ಆ ಕಾಲದ ದಖ್ಖನಿನಲ್ಲಿ ವಿರಳ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಷಾ’. ಪತ್ರ ಬರೆಯುವ ಕಲೆಯ ಮೇಲೆಯೇ ಅವನು ‘ಮನಾಜಿರುಲ್ ಇನ್ಷಾ’ ಎಂಬ ಗ್ರಂಥ ರಚಿಸಿದ. ಬೀದರಿನಲ್ಲಿ 1472ರ ವೇಳೆಗೆ ಎದ್ದುನಿಂತ ಅವನ ಮದರಸಾದ ಮುಂಗೋಡೆಯಲ್ಲಿ ಹೆಂಚಿನ ಮೇಲಿನ ಅಕ್ಷರಗಳು ಬೀದಿಯಲ್ಲಿ ಹೋಗುವವರಿಗೆ ಇಂದಿಗೂ ಕಾಣುತ್ತವೆ.

ಇಂಥವನು ಕೈಗೆತ್ತಿಕೊಂಡ ಸುಧಾರಣೆ ಸಣ್ಣದಲ್ಲ. ರಾಜ್ಯದ ನಾಲ್ಕು ತರಫ್‌ಗಳು, ಅಂದರೆ ಪ್ರಾಂತಗಳು, ಎಂಟಾದವು. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಯಿತು. ಮಿಕ್ಕ ಕೋಟೆಗಳ ಕಿಲ್ಲೇದಾರರ ನೇಮಕ ಸುಲ್ತಾನನ ಕೈಸೇರಿತು. ಪ್ರತಿ ತರಫ್‌ನ ಒಂದಷ್ಟು ಭೂಮಿ ಖಾಲಸಾ ಎನಿಸಿ ಅದರ ಆದಾಯ ನೇರವಾಗಿ ಖಜಾನೆಗೆ ಹೋಗತೊಡಗಿತು. ಲೆಕ್ಕಕ್ಕೆ ತೋರಿಸಿದಷ್ಟು ದಂಡು ಇಡದ ಸರದಾರ ಕಡಿಮೆ ಬಿದ್ದವರ ಹಣವನ್ನು ಮರಳಿ ಕಟ್ಟಬೇಕಾಯಿತು. ತೆಲಂಗಾಣದ ತರಫ್ ವರಂಗಲ್ ಮತ್ತು ರಾಜಮಹೇಂದ್ರಿ ಎಂದು ಒಡೆದಾಗ ಅಧಿಕಾರದ ಒಂದು ಪಾಲು ಕಳೆದುಕೊಂಡವನು ಅಲ್ಲಿನ ತರಫ್‌ದಾರ ಮಲಿಕ್ ಹಸನ್. ಗವಾನ್ ಸ್ಥಳೀಯ ದಖ್ಖನಿ ಮತ್ತು ಹೊರಗಿನಿಂದ ಬಂದ ಆಫಾಕಿ ಬಣಗಳ ನಡುವೆ ಸಮತೋಲ ಕಾಯಲು ಯತ್ನಿಸಿದ್ದ. ಆದರೂ ಪರದೇಶದಿಂದ ಬಂದವನು ಹಂಚಿದ ಪಾಲು ದಖ್ಖನಿ ಸರದಾರರಿಗೆ ನ್ಯಾಯವಾಗಿ ಕಂಡಿರುವುದು ಕಷ್ಟ.

ಮುಂದಿನದನ್ನು ಇತಿಹಾಸಕಾರ ಫಿರಿಶ್ತಾ ವಿವರವಾಗಿ ಹೇಳುತ್ತಾನೆ. ವಿರೋಧಿಗಳು ಗವಾನನ ಮುದ್ರೆ ಇಟ್ಟುಕೊಂಡಿದ್ದ ಆಳಿಗೆ ಕುಡಿಸಿ, ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಆ ಹಾಳೆಯ ಮೇಲೆ ಮೂಡಿತು. ಸುಲ್ತಾನನೆದುರು ನಿಂತ ಗವಾನ್, ಮುದ್ರೆ ತನ್ನದು, ಬರಹ ತನ್ನದಲ್ಲ ಎಂದ. ವಿಚಾರಣೆ ಅಲ್ಲಿಗೇ ಮುಗಿಯಿತು. 1481ರ ಏಪ್ರಿಲ್ 5ರಂದು ದಂಡಿನ ಬಿಡಾರದಲ್ಲೇ ಅವನ ತಲೆ ಕಡಿಯಲಾಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ.

ಈ ಪ್ರಸಂಗವನ್ನು ಬಣಗಳ ದ್ವೇಷದ ಕಥೆಯಾಗಿ ಮಾತ್ರ ಓದುವುದು ವಾಡಿಕೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಖಾಲಿ ಹಾಳೆ. ಪ್ರಧಾನಿಯ ಮಾತಿಗೆ ಮುದ್ರೆಯೊಂದೇ ಸಾಕ್ಷಿಯಾಗಿತ್ತು. ಯಾರಿಗೆ ಬರೆದೆ, ಯಾರ ಕೈಲಿ ಕಳಿಸಿದೆ ಎಂದು ಕೇಳಲು ಸುಲ್ತಾನನಿಗೆ ಒಂದು ದಿನದ ತಾಳ್ಮೆ ಸಾಕಿತ್ತು. ಹದಿನೈದು ವರ್ಷಗಳ ಆಡಳಿತ ಅಂಥ ಪದ್ಧತಿಯೊಂದನ್ನು ಬೆಳೆಸಿರಲಿಲ್ಲ.

ಇದಕ್ಕೆ ಎದುರಾಗಿ ಇದೇ ಜಿಲ್ಲೆಯ ಇಪ್ಪತ್ತನೆಯ ಶತಮಾನದ ಉದಾಹರಣೆಯೊಂದಿದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹುಟ್ಟಿದ್ದು ಕಮಲನಗರದಲ್ಲಿ. ಹಿಂದೆ ಔರಾದ ತಾಲೂಕಿನಲ್ಲಿದ್ದ ಆ ಊರು ಈಗ ತಾನೇ ತಾಲೂಕು ಕೇಂದ್ರ. ನಿಜಾಮನ ಆಡಳಿತದಲ್ಲಿ ಶಿಕ್ಷಣದ ಭಾಷೆ ಉರ್ದು. ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬುದು ಈ ಭಾಗದ ಮನೆಮಾತು. ಇಲ್ಲಿ ಫಲಕ ಹೇಳುವುದೊಂದು, ಒಳಗೆ ನಡೆಯುವುದು ಮತ್ತೊಂದು. ಆದರೂ ತಂದೆತಾಯಿಗಳಿಗೆ ಗೊಂದಲವಾಗಲಿಲ್ಲ, ಏಕೆಂದರೆ ಮಾತಿನ ಒಡೆಯರು ಅವರ ನಡುವೆಯೇ ಓಡಾಡುತ್ತಿದ್ದರು. ಸಂಶಯ ಬಂದವರು ನೇರವಾಗಿ ಹೋಗಿ ಕೇಳಬಹುದಿತ್ತು. ಬರಹ ಮತ್ತು ಆಶಯದ ನಡುವಿನ ಬಿರುಕನ್ನು ಗವಾನನ ಪ್ರಸಂಗದಲ್ಲಿ ವೈರಿಗಳು ತುಂಬಿದರು, ಇಲ್ಲಿ ಪರಿಚಯ ತುಂಬಿತು. ಮಠದ ವ್ಯಾಪ್ತಿ ಚಿಕ್ಕದು, ಸಾಮ್ರಾಜ್ಯದ್ದು ದೊಡ್ಡದು ಎಂಬ ಆಕ್ಷೇಪ ನ್ಯಾಯವೇ. ಆದರೆ ಹರವು ಹೆಚ್ಚಿದಷ್ಟೂ ಮರಳಿ ಕೇಳುವ ದಾರಿಯನ್ನು ಯೋಚಿಸಿ ಕಟ್ಟಬೇಕಾಗುತ್ತದೆ. ಅದು ತಾನಾಗಿ ಹುಟ್ಟುವುದಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಯಡಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಬೀದರಿಗೆ ಬರುವವರ ಮುಂದಿರುವುದೂ ಇದೇ ಪ್ರಶ್ನೆ. ಔರಾದ ಗಡಿಯ ಎಷ್ಟೋ ಮನೆಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಬೀದರ ಪೇಟೆಯಲ್ಲಿ ಉರ್ದು. ಕನ್ನಡದ ಸುತ್ತೋಲೆ ಹಳ್ಳಿ ಮುಟ್ಟುವಾಗ ಹಲವರ ಬಾಯಲ್ಲಿ ಹಾದು ಬಂದಿರುತ್ತದೆ. ಸಲಹೆಗಾರರು ಭಾಷಣದ ಕರಡು ತಿದ್ದುವ ಮೊದಲು ಎರಡು ಪಟ್ಟಿ ಮಾಡಿಕೊಡಲಿ: ಈ ಬದಲಾವಣೆಯಿಂದ ಅಧಿಕಾರ, ಹಣ ಅಥವಾ ಮರ್ಯಾದೆ ಕಳೆದುಕೊಳ್ಳುವವರು ಯಾರು, ಅಧಿಕಾರಿಯ ಹೆಸರಿನಲ್ಲಿ ಆದೇಶ ಹೊರಡಿಸಬಲ್ಲವರು ಯಾರು. ಮೊದಲ ಪಟ್ಟಿಯವರನ್ನು ಆದೇಶ ಹೊರಡುವ ಮುಂಚೆಯೇ ಅಧಿಕಾರಿ ಎದುರು ಕೂತು ಕಾಣಬೇಕು. ಎರಡನೆಯದನ್ನು ಚಿಕ್ಕದು ಮಾಡಬೇಕು, ಮತ್ತು ಸುತ್ತೋಲೆ ಕೈಸೇರಿದ ದಿನವೇ ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಫೋನ್ ಮಾಡಿ, ‘ಸಾಹೇಬರೇ, ಇದು ನಿಮ್ಮ ಆದೇಶವೇ?’ ಎಂದು ಕೇಳಿದರೆ ಅದನ್ನು ಉದ್ಧಟತನವೆಂದು ಎಣಿಸದ ಕಚೇರಿ ಇರಬೇಕು.