ಹೃದಯ ಕಸಿ: ಯಾರ ಹೃದಯ ಯಾರಿಗೆ?

ಸಕಲೇಶಪುರ: ಹೃದಯ ವೈಫಲ್ಯದ ರೋಗಿಗೆ ಕಸಿಯೊಂದೇ ದಾರಿ ಎಂದು ವೈದ್ಯರು ತಿಳಿಸಿದಾಗ, ಹೊಂದುವ ಹೃದಯ ಯಾರದು ಎಂಬ ಪ್ರಶ್ನೆ ಏಳುತ್ತದೆ. ಸಕಲೇಶಪುರ, ಆಲೂರು ಭಾಗದ ಗುಡ್ಡಗಾಡಿನ ಕುಟುಂಬಗಳ ಮಟ್ಟಿಗೆ ಇದಕ್ಕೆ ಉತ್ತರ ರಕ್ತದ ಗುಂಪಿನಲ್ಲಷ್ಟೇ ಅಲ್ಲ, ಗಡಿಯಾರದಲ್ಲೂ ಇದೆ.

ದಾನಿ ಯಾರು?
ಮೂತ್ರಪಿಂಡದಂತೆ ಹೃದಯವನ್ನು ಬಂಧುಗಳು ಬದುಕಿರುವಾಗ ನೀಡಲಾಗದು. ನಮ್ಮಲ್ಲಿ ಮೆದುಳು ನಿಷ್ಕ್ರಿಯಗೊಂಡು ಮೃತಪಟ್ಟವರ ಹೃದಯವನ್ನೇ ಪಡೆಯಲಾಗುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆಯನ್ವಯ ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಈ ಮರಣವನ್ನು ದೃಢೀಕರಿಸಬೇಕು. ಕಸಿ ಮಾಡುವ ವೈದ್ಯರು ಈ ಮಂಡಳಿಯಲ್ಲಿ ಇರುವಂತಿಲ್ಲ. ಬಳಿಕ ಹತ್ತಿರದ ಬಂಧುಗಳ ಒಪ್ಪಿಗೆ ಪಡೆಯಲಾಗುತ್ತದೆ.

ಹೊಂದಾಣಿಕೆಯ ಅಂಶಗಳು
ಮೊದಲನೆಯದು ರಕ್ತದ ಗುಂಪು. 'ಒ' ಗುಂಪಿನ ಹೃದಯ ಎಲ್ಲರಿಗೂ ಹೊಂದುತ್ತದೆ. 'ಒ' ಗುಂಪಿನ ರೋಗಿಗೆ ಮಾತ್ರ 'ಒ' ಗುಂಪಿನದೇ ಬೇಕು. ಎರಡನೆಯದು ಗಾತ್ರ. ದಾನಿಯ ಎತ್ತರ, ತೂಕ ರೋಗಿಗಿಂತ ತೀರಾ ಕಡಿಮೆಯಿದ್ದರೆ ಹೃದಯ ಆ ಭಾರ ತಾಳದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿರುವ ರೋಗಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ. ಮೂರನೆಯದು ಪ್ರತಿಕಾಯ. ಹಲವು ಬಾರಿ ರಕ್ತ ಪಡೆದವರಲ್ಲಿ, ಹೆರಿಗೆಯಾದ ಮಹಿಳೆಯರಲ್ಲಿ ಪರರ ಅಂಗಾಂಶವನ್ನು ವಿರೋಧಿಸುವ ಪ್ರತಿಕಾಯಗಳು ಇರಬಹುದಾದ್ದರಿಂದ ಮುಂಚಿತವಾಗಿಯೇ ಪರೀಕ್ಷಿಸಲಾಗುತ್ತದೆ.

ನಾಲ್ಕು ಗಂಟೆಗಳ ಗಡುವು
ದಾನಿಯ ದೇಹದಲ್ಲಿ ರಕ್ತಸಂಚಾರ ನಿಂತ ಕ್ಷಣದಿಂದ ಸುಮಾರು 4 ಗಂಟೆಗಳೊಳಗೆ ಹೃದಯ ರೋಗಿಯ ಎದೆಯಲ್ಲಿ ಮತ್ತೆ ಮಿಡಿಯಬೇಕು. ಜೋಡಣೆಗೇ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿ.ಮೀ. ದೂರವಿದ್ದು, ಸಾಮಾನ್ಯ ಸಂಚಾರದಲ್ಲಿ ರಸ್ತೆ ಪ್ರಯಾಣವೇ ಈ ಗಡುವನ್ನು ನುಂಗಿಬಿಡುತ್ತದೆ. ಆದ್ದರಿಂದಲೇ ಝೀರೋ ಟ್ರಾಫಿಕ್ ಹಾಗೂ ವಿಮಾನಗಳ ಮೊರೆ ಹೋಗಲಾಗುತ್ತದೆ. ನೆರೆಯ ಚಿಕ್ಕಮಗಳೂರಿನಿಂದ 2022ರ ಸೆಪ್ಟೆಂಬರ್‌ನಲ್ಲಿ ದಾನಿಯೊಬ್ಬರ ಹೃದಯವನ್ನು ಹೆಲಿಕಾಪ್ಟರ್ ಮೂಲಕ ಬೆಂಗಳೂರಿಗೆ ಸಾಗಿಸಲಾಗಿತ್ತು.

ಹೀಗಾಗಿ ಸರದಿಯಲ್ಲಿರುವ ರೋಗಿಯೂ ಕರೆ ಬಂದೊಡನೆ ಆಸ್ಪತ್ರೆ ತಲುಪುವಂತಿರಬೇಕು. ಮೊಬೈಲ್ ಸಂಕೇತ ಸಿಗದ ತೋಟದ ಮನೆಯಲ್ಲಿದ್ದರೆ ಅಥವಾ ಮಳೆಗಾಲದಲ್ಲಿ ಮಣ್ಣು ಕುಸಿದು ದಾರಿ ಕಟ್ಟಿದರೆ ಅವಕಾಶ ಕೈತಪ್ಪಬಹುದು. ಸರದಿಯ ಅವಧಿಯಲ್ಲಿ ಕಸಿ ಕೇಂದ್ರದ ಸಮೀಪ ವಾಸ್ತವ್ಯ ಹೂಡುವುದು ಕ್ಷೇಮ.

ಹಂಚಿಕೆ ಯಾರದು?
ರಾಜ್ಯದಲ್ಲಿ ಹಂಚಿಕೆಯ ಹೊಣೆ 'ಜೀವಸಾರ್ಥಕತೆ' ಸಂಸ್ಥೆಯದು. ರೋಗಿಯ ಹೆಸರನ್ನು ನೋಂದಾಯಿತ ಕಸಿ ಆಸ್ಪತ್ರೆಯ ಮೂಲಕವೇ ದಾಖಲಿಸಬೇಕು. ಹೃದಯ ಇಂಥವರಿಗೇ ಸೇರಲಿ ಎಂದು ದಾನಿಯ ಕುಟುಂಬ ಸೂಚಿಸುವಂತಿಲ್ಲ. ಅಂಗಾಂಗಗಳ ಮಾರಾಟ, ಖರೀದಿ ಶಿಕ್ಷಾರ್ಹ ಅಪರಾಧ.

ಅಂಗಾಂಗ ದಾನದ ಪ್ರತಿಜ್ಞೆ ಮಾಡಿದವರು ಆ ಇಚ್ಛೆಯನ್ನು ಮನೆಯವರಿಗೂ ತಿಳಿಸಿರುವುದು ಅವಶ್ಯ. ಆಸ್ಪತ್ರೆಯಲ್ಲಿ ಕೊನೆಯ ನಿರ್ಧಾರ ಕೈಗೊಳ್ಳಬೇಕಾದವರು ಅವರೇ.